ಅಗ್ನಿಶಾಮಕ ವಾಹನವೂ ಊರಿನ ಹೊಣೆಯೂ

ಪೇಟೆಯ ಬೀದಿಯಲ್ಲಿ ಸೈರನ್ ಮೊಳಗಿಸುತ್ತ ಕೆಂಪು ಬಣ್ಣದ ವಾಹನವೊಂದು ಹಾದುಹೋದಾಗ ಜನರು ಅಂಗಡಿಯ ಜಗಲಿಗೆ ಬಂದು ನಿಂತು ನೋಡುವುದು ಎಲ್ಲ ಊರುಗಳಲ್ಲಿಯೂ ಉಂಟು. ಎಲ್ಲಿ ಬೆಂಕಿ ಬಿದ್ದಿತೋ, ಯಾರ ಮನೆಯೋ ಎಂಬ ಕಳವಳ ಒಂದು ಕ್ಷಣ ಎಲ್ಲರ ಮುಖದಲ್ಲಿಯೂ ಸುಳಿಯುತ್ತದೆ. ವಾಹನ ಮರೆಯಾದೊಡನೆ ವ್ಯಾಪಾರ ಮೊದಲಿನಂತೆ ಸಾಗುತ್ತದೆ. ಆ ವಾಹನದಲ್ಲಿ ಏನೇನು ಇದೆ, ಅದರೊಳಗಿನ ನೀರು ಎಷ್ಟು ಹೊತ್ತು ಬರುತ್ತದೆ, ಅದು ತೀರಿದ ಮೇಲೆ ಮುಂದಿನ ನೀರು ಎಲ್ಲಿಂದ ಬರಬೇಕು ಎಂಬುದನ್ನು ಅರಿತವರು ವಿರಳ. ವಾಹನ ಬಂದರೆ ಬೆಂಕಿ ಆರಿದಂತೆಯೇ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಈ ನಂಬಿಕೆ ಅರ್ಧದಷ್ಟು ಮಾತ್ರ ಸತ್ಯ. ಉಳಿದ ಅರ್ಧವು ಆಯಾ ಊರಿನ ಕೆರೆ, ದಾರಿ ಮತ್ತು ಜನರ ಕೈಯಲ್ಲಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಎಂಬ ನಾಲ್ಕು ಪಟ್ಟಣಗಳನ್ನು ಕಣ್ಣ ಮುಂದಿರಿಸಿಕೊಂಡು ಅಗ್ನಿಶಾಮಕ ಠಾಣೆಯ ವಾಹನ ಮತ್ತು ಸಾಮಗ್ರಿಗಳ ಸ್ವರೂಪವನ್ನು ವಿವರಿಸುವುದು, ಅವು ಸಾರ್ಥಕವಾಗಬೇಕಾದರೆ ಊರು ಏನು ಮಾಡಬೇಕೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಸೀಮೆಯ ಸ್ವಭಾವ

ನಂದಿ ಬೆಟ್ಟದ ಸಾಲು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಇವೆಲ್ಲ ಈ ಬೆಟ್ಟಗಳ ಆಸುಪಾಸಿನಲ್ಲಿಯೇ ಹುಟ್ಟುತ್ತವೆ. ಆದರೆ ತವರಿನಲ್ಲಿ ಈ ಹೆಣ್ಣುಮಕ್ಕಳು ನಿಲ್ಲುವುದಿಲ್ಲ. ವರ್ಷವಿಡೀ ಹರಿಯುವ ಹೊಳೆ ಈ ಸೀಮೆಯಲ್ಲಿ ಒಂದೂ ಇಲ್ಲ. ಆದುದರಿಂದಲೇ ಹಿರಿಯರು ತಗ್ಗು ಕಂಡಲ್ಲೆಲ್ಲ ಕೆರೆ ಕಟ್ಟಿದರು, ಗುಡಿಯ ಮುಂದೆ ಕಲ್ಯಾಣಿ ತೋಡಿದರು, ಹೊಲದ ಮೂಲೆಯಲ್ಲಿ ಕುಂಟೆ ಮಾಡಿದರು. ಶಿವರಾತ್ರಿ ಕಳೆದ ಮೇಲೆ ಯುಗಾದಿಯಿಂದಾಚೆಗೆ ಮುಂಗಾರಿನವರೆಗೆ ಬಿಸಿಲು ಏರುತ್ತದೆ, ಹುಲ್ಲು ಒಣಗುತ್ತದೆ, ಕೆರೆಯ ನೀರು ಇಳಿಯುತ್ತದೆ. ಬೆಂಕಿಯ ಭಯ ಹೆಚ್ಚುವ ಕಾಲವೂ ನೀರು ಕಡಮೆಯಾಗುವ ಕಾಲವೂ ಒಂದೇ ಆಗಿರುವುದು ಈ ಸೀಮೆಯ ದೊಡ್ಡ ಸಂಕಟ.

ಬೆಂಕಿಗೆ ಆಹಾರವಾಗುವ ವಸ್ತುಗಳು ಊರಿಂದೂರಿಗೆ ಬೇರೆ. ಶಿಡ್ಲಘಟ್ಟವು ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿ ನೂಲು ಬಿಚ್ಚುವ ಮನೆಗಳಲ್ಲಿ ಒಲೆ, ಸೌದೆ, ಬಿಸಿನೀರಿನ ಬೇಸಿನ್ನು ಇವೆಲ್ಲ ಮನೆಯ ಅಂಗಳದಲ್ಲಿಯೇ ಇರುತ್ತವೆ. ಸುತ್ತಲಿನ ಹಳ್ಳಿಗಳ ಹುಳುಮನೆಗಳಲ್ಲಿ ಬಿದಿರಿನ ತಟ್ಟೆ, ಚಂದ್ರಿಕೆಗಳು ಸಾಲುಸಾಲಾಗಿ ನಿಂತಿರುತ್ತವೆ. ಒಣಗಿದ ಬಿದಿರು ಕಿಡಿಗೆ ಕಾದಿರುವ ವಸ್ತು. ಚಿಂತಾಮಣಿಯ ಮಂಡಿಗಳಲ್ಲಿ ಗೋಣಿಚೀಲ, ಹಣ್ಣು ತರಕಾರಿ ತುಂಬುವ ಪೆಟ್ಟಿಗೆ, ಹುಲ್ಲು ಒಂದೆಡೆ ಸೇರುತ್ತವೆ. ಗೌರಿಬಿದನೂರಿನಲ್ಲಿ ಕಾರ್ಖಾನೆಗಳು ನೆಲೆಸಿವೆ. ಚಿಕ್ಕಬಳ್ಳಾಪುರದ ಬಳಿ ಬೆಂಗಳೂರು–ಹೈದರಾಬಾದು ಹೆದ್ದಾರಿ ಹಾದುಹೋಗಿದ್ದು, ಇಂಧನ ತುಂಬಿದ ಟ್ಯಾಂಕರುಗಳು ಹಗಲಿರುಳು ಓಡಾಡುತ್ತವೆ. ನಾಲ್ಕು ತಾಲ್ಲೂಕುಗಳಿಗೂ ಸಮಾನವಾದುದು ರಾಗಿ ಹುಲ್ಲಿನ ಮೆದೆ, ನೀಲಗಿರಿ ತೋಪು ಮತ್ತು ಬೆಟ್ಟದ ಒಣಹುಲ್ಲು. ಒಂದು ಮೆದೆ ಸುಟ್ಟರೆ ಆ ರೈತನ ದನಕರುಗಳ ಒಂದು ವರ್ಷದ ಮೇವು ಸುಟ್ಟಂತೆ. ಪೇಟೆಯ ಅಂಗಡಿ ಸುಟ್ಟಷ್ಟು ದೊಡ್ಡ ಸುದ್ದಿ ಅದಾಗದಿದ್ದರೂ ಆ ಮನೆಗೆ ಆಗುವ ನಷ್ಟ ಕಡಮೆಯದಲ್ಲ.

ಚರ್ಮದ ಬಕೆಟ್ಟಿನಿಂದ ಮೋಟಾರು ಪಂಪಿನವರೆಗೆ

ಬೆಂಕಿಯನ್ನು ಎದುರಿಸಲು ಜನರು ಸಂಘಟಿತರಾದ ಚರಿತ್ರೆ ದೀರ್ಘವಾದುದು. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಆಂಸ್ಟರ್‌ಡಾಂ ನಗರದ ಚಿತ್ರಕಾರ ಯಾನ್ ವಾನ್ ಡರ್ ಹೈಡೆನ್ ಎಂಬಾತನು ಚರ್ಮದಿಂದ ಹೊಲಿದ ನೀರಿನ ಕೊಳವೆಯನ್ನು ಬಳಕೆಗೆ ತಂದನು. ಅಲ್ಲಿಯವರೆಗೆ ದೂರದಿಂದ ಎರಚುತ್ತಿದ್ದ ನೀರನ್ನು ಬೆಂಕಿಯ ಬುಡಕ್ಕೇ ಒಯ್ಯುವುದು ಅದರಿಂದ ಸಾಧ್ಯವಾಯಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಸ್ಥಾಪಿಸಿದ ಯೂನಿಯನ್ ಫೈರ್ ಕಂಪನಿಯ ಸದಸ್ಯರು ಸಂಬಳ ಪಡೆಯುವವರಾಗಿರಲಿಲ್ಲ. ಪ್ರತಿಯೊಬ್ಬರೂ ಚರ್ಮದ ಬಕೆಟ್ಟುಗಳನ್ನೂ ಸಾಮಾನು ಹೊರಗೆ ಸಾಗಿಸಲು ಚೀಲಗಳನ್ನೂ ತಮ್ಮ ಮನೆಯಲ್ಲಿ ಸಿದ್ಧವಾಗಿ ಇಡಬೇಕೆಂಬುದು ಅವರ ಕಟ್ಟಳೆಯಾಗಿತ್ತು. ಆ ಪದ್ಧತಿ ಹಲವು ದೇಶಗಳಲ್ಲಿ ಇಂದಿಗೂ ಉಳಿದಿದೆ. ಜರ್ಮನಿಯ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರು ಆಯಾ ಊರಿನ ಬಡಗಿ, ರೈತ, ಉಪಾಧ್ಯಾಯರೇ. ಆ ದೇಶದಲ್ಲಿ ಅಂತಹ ಸ್ವಯಂಸೇವಕರ ಸಂಖ್ಯೆ ಸುಮಾರು 10 ಲಕ್ಷ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಅಗ್ನಿಶಾಮಕ ಸೇವೆ ಸ್ವಯಂಸೇವಕರಿಂದಲೇ ನಡೆಯುತ್ತದೆ.

ಭಾರತದಲ್ಲಿ ಕ್ರಮ ಬೇರೆಯಾಯಿತು. ಇಲ್ಲಿ ಅಗ್ನಿಶಾಮಕ ಸೇವೆ ಸರ್ಕಾರದ ಅಥವಾ ನಗರಾಡಳಿತದ ಹೊಣೆ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಅಧಿನಿಯಮವು ಈ ಸೇವೆಗೆ ಶಾಸನದ ಆಧಾರವನ್ನು ಒದಗಿಸಿತು. ಮುಂದೆ ಈ ಇಲಾಖೆ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು ಎಂಬ ಹೆಸರನ್ನು ಪಡೆಯಿತು. ಬೆಂಕಿಯ ಜೊತೆಗೆ ಅಪಘಾತ, ನೆರೆ, ಕಟ್ಟಡ ಕುಸಿತ, ಬಾವಿಗೆ ಬಿದ್ದವರ ರಕ್ಷಣೆ ಇವೂ ಅದರ ಕೆಲಸವೆಂಬುದನ್ನು ಈ ಹೆಸರೇ ಸೂಚಿಸುತ್ತದೆ. ಮೊದಲು ಕೋಲಾರ ಜಿಲ್ಲೆಗೆ ಸೇರಿದ್ದ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗಗಳಾದವು. ನಾಲ್ಕು ಪಟ್ಟಣಗಳಲ್ಲಿಯೂ ಅಗ್ನಿಶಾಮಕ ಠಾಣೆಗಳಿವೆ. ಠಾಣಾಧಿಕಾರಿ, ಪ್ರಮುಖ ಅಗ್ನಿಶಾಮಕ, ಚಾಲಕ ಮತ್ತು ಅಗ್ನಿಶಾಮಕರು ಅಲ್ಲಿ ಸರದಿಯಂತೆ ಕಾಯುತ್ತಾರೆ. ಒಂದು ಠಾಣೆಯ ಶಕ್ತಿ ಸಾಲದಾದಾಗ ನೆರೆಯ ಠಾಣೆಯ ವಾಹನ ಬರುತ್ತದೆ. ಆದರೆ ಗೌರಿಬಿದನೂರಿಗೂ ಚಿಕ್ಕಬಳ್ಳಾಪುರಕ್ಕೂ ನಡುವೆ ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿಯಿದೆ ಎಂಬುದನ್ನು ಮರೆಯಲಾಗದು.

ವಾಟರ್ ಟೆಂಡರ್

ಸಣ್ಣ ಪಟ್ಟಣದ ಠಾಣೆಯ ಜೀವಾಳವೆಂದರೆ ವಾಟರ್ ಟೆಂಡರ್, ಅಂದರೆ ನೀರು ಹೊತ್ತೊಯ್ಯುವ ಅಗ್ನಿಶಾಮಕ ವಾಹನ. ಲಾರಿಯ ಚಾಸಿಯ ಮೇಲೆ ಇದನ್ನು ಕಟ್ಟಲಾಗುತ್ತದೆ. ಮುಂದೆ ಚಾಲಕ ಮತ್ತು ಸಿಬ್ಬಂದಿಯ ಕೋಣೆ, ನಡುವೆ ನೀರಿನ ತೊಟ್ಟಿ, ಎರಡು ಪಕ್ಕಗಳಲ್ಲಿ ಸಾಮಗ್ರಿಗಳ ಗೂಡುಗಳು, ಮೇಲೆ ಏಣಿ, ಹಿಂದೆ ಸಾಮಾನ್ಯವಾಗಿ ಪಂಪು — ಇದು ಅದರ ರಚನೆ. ಪಂಪಿಗೆ ಬೇರೆ ಎಂಜಿನ್ ಬೇಕಿಲ್ಲ. ವಾಹನವನ್ನು ನಿಲ್ಲಿಸಿ ಒಂದು ಹಿಡಿಯನ್ನು ಬದಲಿಸಿದರೆ ಚಕ್ರಗಳನ್ನು ತಿರುಗಿಸುತ್ತಿದ್ದ ಎಂಜಿನ್ನಿನ ಶಕ್ತಿಯೇ ಪಂಪನ್ನು ತಿರುಗಿಸುತ್ತದೆ.

ತೊಟ್ಟಿಯಲ್ಲಿ ಸಾಮಾನ್ಯವಾಗಿ 4500 ಲೀಟರ್ ನೀರು ಹಿಡಿಯುತ್ತದೆ. ಅದರ ತೂಕವೇ ನಾಲ್ಕೂವರೆ ಟನ್ನು. ತಿರುವಿನಲ್ಲಿ ಅಷ್ಟು ನೀರು ಒಂದೇ ಕಡೆಗೆ ತುಳುಕಿದರೆ ವಾಹನ ಮಗುಚಿ ಬೀಳಬಹುದು. ಇದನ್ನು ತಡೆಯಲು ತೊಟ್ಟಿಯ ಒಳಗೆ ತೂತುಗಳುಳ್ಳ ತಡೆಹಲಗೆಗಳನ್ನು ನಿಲ್ಲಿಸಿರುತ್ತಾರೆ. ನಂದಿ ಬೆಟ್ಟದ ಸುತ್ತುದಾರಿಯಂತಹ ಏರಿನಲ್ಲಿ ತುಂಬಿದ ವಾಹನವನ್ನು ನಡೆಸುವ ಚಾಲಕನ ಕೌಶಲವು ಬೆಂಕಿ ಆರಿಸುವವನ ಕೌಶಲಕ್ಕಿಂತ ಕಡಮೆಯದಲ್ಲ.

ಈಗ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. 4500 ಲೀಟರ್ ಎಂದರೆ ಹದಿನೈದು ಲೀಟರಿನ ಮುನ್ನೂರು ಕೊಡ. ಕೇಳಲು ಬಹಳವಾಯಿತು. ಆದರೆ 12.5 ಮಿಲಿಮೀಟರ್ ಬಾಯಿಯ ಒಂದು ನಾಝಲ್ ಸಾಧಾರಣ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 200 ಲೀಟರ್ ನೀರನ್ನು ಹೊರಚೆಲ್ಲುತ್ತದೆ. ಅದೊಂದನ್ನೇ ಬಳಸಿದರೆ ತೊಟ್ಟಿಯ ನೀರು ಇಪ್ಪತ್ತು ನಿಮಿಷಕ್ಕೆ ತುಸು ಹೆಚ್ಚು ಬಂದೀತು. ದೊಡ್ಡ ಬೆಂಕಿಗೆ ಅದು ಸಾಲದು. 20 ಮಿಲಿಮೀಟರಿನ ಎರಡು ನಾಝಲ್‌ಗಳನ್ನು ತೆರೆದರೆ ನಿಮಿಷಕ್ಕೆ ಸಾವಿರ ಲೀಟರಿಗೂ ಮೇಲೆ ನೀರು ಹೋಗುತ್ತದೆ. ತೊಟ್ಟಿ ನಾಲ್ಕು ನಿಮಿಷ ಕಳೆದು ಐದು ತುಂಬುವ ಮೊದಲೇ ಬರಿದು. ಹೊತ್ತಿ ಉರಿಯುತ್ತಿರುವ ಮಂಡಿಯೊಂದರ ಮುಂದೆ ನಾಲ್ಕು ನಿಮಿಷವೆಂದರೆ ಎಷ್ಟು? ವಾಹನದ ನೀರು ಕೆಲಸವನ್ನು ಆರಂಭಿಸಲು ಮಾತ್ರ, ಮುಗಿಸಲು ಅಲ್ಲ. ಈ ಒಂದು ಸಂಗತಿಯನ್ನು ಊರಿನ ಪ್ರತಿಯೊಬ್ಬರೂ ಮನಗಂಡರೆ ಉಳಿದುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇದೇ ಕಾರಣದಿಂದ ವಾಹನದಲ್ಲಿ ಹೋಸ್ ರೀಲ್ ಎಂಬ ಇನ್ನೊಂದು ಏರ್ಪಾಡು ಇರುತ್ತದೆ. ರಾಟೆಗೆ ಸುತ್ತಿದ ಹೆಬ್ಬೆರಳು ಗಾತ್ರದ ರಬ್ಬರ್ ಕೊಳವೆಯದು. ಒಬ್ಬನೇ ಎಳೆದುಕೊಂಡು ಓಡಬಹುದು. ಅದರ ನೀರನ್ನು ಧಾರೆಯಾಗಿಯೂ ಮಂಜಿನಂತಹ ತುಂತುರಾಗಿಯೂ ಬಿಡಬಹುದು. ಒಂದು ಲೀಟರ್ ನೀರು ಆವಿಯಾದಾಗ ಸುಮಾರು 1700 ಲೀಟರ್ ಹಬೆಯಾಗಿ ಹಿಗ್ಗುತ್ತದೆ. ಆವಿಯಾಗುವಾಗ ಬೆಂಕಿಯ ಶಾಖವನ್ನು ಅಪಾರವಾಗಿ ಹೀರುತ್ತದೆ. ದೊಡ್ಡ ಧಾರೆಯ ಬಹುಭಾಗ ಆವಿಯಾಗದೆ ನೆಲಕ್ಕೆ ಹರಿದು ವ್ಯರ್ಥವಾಗುತ್ತದೆ. ತುಂತುರಿನ ಹನಿಹನಿಯೂ ದುಡಿಯುತ್ತದೆ. ನೀರಿಗೆ ಬರವಿರುವ ಸೀಮೆಗೆ ಹೇಳಿಮಾಡಿಸಿದ ಸಾಧನವಿದು. ಹೊತ್ತಿಕೊಂಡ ಕೂಡಲೇ ಕರೆ ಬಂದ ಸಣ್ಣ ಬೆಂಕಿಯು ಇದೊಂದರಿಂದಲೇ ಆರಬಹುದು.

ನೀರು ಸೆಳೆಯುವ ಕಷ್ಟ

ತೊಟ್ಟಿ ಬರಿದಾದ ಮೇಲೆ ಪಂಪು ಬೇರೆ ಜಲಾಶಯದಿಂದ ನೀರು ಸೆಳೆಯಬೇಕು. ಇದಕ್ಕೆಂದು ವಾಹನದ ಮೇಲೆ ಸಕ್ಷನ್ ಹೋಸ್ ಎಂಬ ದಪ್ಪ, ಬಿರುಸಾದ ಕೊಳವೆಗಳಿರುತ್ತವೆ. ಅವನ್ನು ಒಂದಕ್ಕೊಂದು ಜೋಡಿಸಿ ತುದಿಗೆ ಜರಡಿಯಂತಹ ಸ್ಟ್ರೈನರ್ ಸಿಕ್ಕಿಸಿ ಕೆರೆಗೋ ಬಾವಿಗೋ ಇಳಿಬಿಡುತ್ತಾರೆ. ಕೆರೆಯ ಪಾಚಿ, ಕಡ್ಡಿ, ಕೆಸರು ಪಂಪಿಗೆ ನುಗ್ಗದಂತೆ ಸ್ಟ್ರೈನರಿನ ಸುತ್ತ ಬುಟ್ಟಿಯೊಂದನ್ನು ಕಟ್ಟುವುದೂ ಉಂಟು.

ಪಂಪು ನೀರನ್ನು ಎಳೆಯುತ್ತದೆ ಎಂದು ಹೇಳುವುದು ರೂಢಿ. ವಾಸ್ತವವಾಗಿ ಪಂಪು ಕೊಳವೆಯೊಳಗಿನ ಗಾಳಿಯನ್ನು ತೆಗೆಯುತ್ತದೆ. ಹೊರಗಿನ ವಾಯುಭಾರವು ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ವಾಯುಭಾರವು ನೀರನ್ನು ಹೆಚ್ಚೆಂದರೆ 10.3 ಮೀಟರ್ ಎತ್ತರಕ್ಕೆ ತಳ್ಳಬಲ್ಲದು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತುಸು ತೆಳು. ಆದುದರಿಂದ ಆ ಮಿತಿ 9.3 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಕೊಳವೆಯ ಘರ್ಷಣೆ, ಜೋಡಣೆಯ ಸಂದಿಗಳು ಇತ್ಯಾದಿಗಳನ್ನು ಕಳೆದರೆ ಉಪಯೋಗಕ್ಕೆ ಬರುವ ಆಳ ಆರು ಮೀಟರಿನಷ್ಟು ಎಂದು ಭಾವಿಸುವುದು ಕ್ಷೇಮಕರ. ಅಂದರೆ ಇಪ್ಪತ್ತು ಅಡಿ. ಅದಕ್ಕಿಂತ ಕೆಳಗಿರುವ ನೀರನ್ನು ಎಷ್ಟೇ ಬಲಿಷ್ಠವಾದ ಅಗ್ನಿಶಾಮಕ ಪಂಪು ದಡದ ಮೇಲೆ ನಿಂತು ಮೇಲೆತ್ತಲಾರದು.

ಈ ಸೀಮೆಯ ನೀರಿನ ಕಥೆಯನ್ನು ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಒಂದು ಕಾಲಕ್ಕೆ ತೆರೆದ ಬಾವಿಗಳಲ್ಲಿ ನೀರು ಕೈಗೆ ಸಿಗುವಂತಿತ್ತು. ಈಗ ಆ ಬಾವಿಗಳು ಬಹುಮಟ್ಟಿಗೆ ಒಣಗಿವೆ. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿವೆ. ಊರಿಗೆ ನೀರಿದ್ದರೂ ಅಗ್ನಿಶಾಮಕ ವಾಹನದ ಪಾಲಿಗೆ ಅದು ಇಲ್ಲದಂತೆಯೇ. ಬೆಂಕಿಯಿಂದಾಗಿ ವಿದ್ಯುತ್ತನ್ನು ಕಡಿದಾಗಲಂತೂ ಕೊಳವೆಬಾವಿಯ ಮೋಟಾರು ತಿರುಗುವುದೇ ಇಲ್ಲ. ಹೀಗಾಗಿ ಕೆರೆ, ಕಲ್ಯಾಣಿ, ನೆಲತೊಟ್ಟಿ, ಮೇಲ್ತೊಟ್ಟಿ ಇವೇ ಆಸರೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಈಚಿನ ವರ್ಷಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಲವು ಕೆರೆಗಳಿಗೆ ಹರಿಸಲಾಗಿದೆ. ಕುಡಿಯಲು ಒಗ್ಗದ ಆ ನೀರು ಬೆಂಕಿ ಆರಿಸಲು ಒಗ್ಗುತ್ತದೆ. ಆದರೆ ಕೆರೆಯಲ್ಲಿ ನೀರಿದ್ದು, ವಾಹನವು ಏರಿಯ ಮೇಲೋ ದಡದ ಗಟ್ಟಿನೆಲದ ಮೇಲೋ ನೀರಿಗೆ ಸಮೀಪವಾಗಿ ನಿಲ್ಲುವ ಜಾಗವಿಲ್ಲದಿದ್ದರೆ ಏನು ಪ್ರಯೋಜನ? ಇಂತಹ ಜಾಗಕ್ಕೆಂದೇ ಹೊತ್ತೊಯ್ಯುವ ಸಣ್ಣ ಪಂಪುಗಳುಂಟು. ಇಬ್ಬರೋ ನಾಲ್ವರೋ ಅದನ್ನು ಎತ್ತಿಕೊಂಡು ನೀರಿನ ಅಂಚಿಗೆ ಇಳಿಸಿ, ಅಲ್ಲಿಂದ ವಾಹನಕ್ಕೆ ನೀರು ಒತ್ತುತ್ತಾರೆ.

ಹೋಸು ಮತ್ತು ಬ್ರಾಂಚು

ಪಂಪಿನಿಂದ ಬೆಂಕಿಯವರೆಗೆ ನೀರನ್ನು ಒಯ್ಯುವುದು ಡೆಲಿವರಿ ಹೋಸ್. ಇದರ ವ್ಯಾಸ ಸಾಮಾನ್ಯವಾಗಿ 63 ಮಿಲಿಮೀಟರ್, ಉದ್ದ 15 ಅಥವಾ 30 ಮೀಟರ್. ಎರಡು ತುದಿಗಳಲ್ಲಿ ಲೋಹದ ಕಪ್ಲಿಂಗ್ ಇರುತ್ತದೆ. ತಿರುಪು ಹಾಕುವ ಅಗತ್ಯವಿಲ್ಲದೆ ಒತ್ತಿದ ಮಾತ್ರಕ್ಕೆ ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಕತ್ತಲಲ್ಲಿ, ಹೊಗೆಯಲ್ಲಿ, ಒದ್ದೆಗೈಯಲ್ಲಿ ಈ ಕೆಲಸ ನಡೆಯಬೇಕಾದುದರಿಂದ ಇಂತಹ ಸರಳತೆ ಅಗತ್ಯ. ಹೋಸಿನ ತುದಿಗೆ ಬ್ರಾಂಚ್ ಎಂಬ ಲೋಹದ ಕೊಳವೆ, ಅದರ ತುದಿಗೆ ನಾಝಲ್. ತುಂಬಿದ ಹೋಸು ಬಹಳ ಭಾರ. ನೀರು ಮುಂದಕ್ಕೆ ಚಿಮ್ಮಿದಂತೆ ಬ್ರಾಂಚು ಹಿಂದಕ್ಕೆ ಒದೆಯುತ್ತದೆ. ಆದುದರಿಂದ ದೊಡ್ಡ ಧಾರೆಯನ್ನು ಒಬ್ಬನೇ ಹಿಡಿಯಬಾರದು. ಉತ್ಸಾಹದಿಂದ ಮುನ್ನುಗ್ಗಿ ಬ್ರಾಂಚು ಕಿತ್ತುಕೊಳ್ಳುವ ನೆರೆಹೊರೆಯವರು ಇದನ್ನು ಅರಿಯಬೇಕು. ಹೋಸನ್ನು ನೇರವಾಗಿ ಹರಡಲು, ವಾಹನಗಳು ಅದರ ಮೇಲೆ ಹಾಯದಂತೆ ಕಾಯಲು ಅವರ ಕೈ ಬೇಕು. ಬ್ರಾಂಚಿನ ಬಳಿ ತರಬೇತಿ ಪಡೆದವರೇ ಇರಬೇಕು.

ಇತರ ಸಾಮಗ್ರಿಗಳು

ನೀರೊಂದೇ ಎಲ್ಲ ಬೆಂಕಿಗೂ ಮದ್ದಲ್ಲ. ಎಣ್ಣೆ, ಪೆಟ್ರೋಲುಗಳ ಮೇಲೆ ನೀರಿನ ಧಾರೆ ಬಿಟ್ಟರೆ ಅವು ನೀರಿನ ಮೇಲೆ ತೇಲಿ ಹರಡಿ ಬೆಂಕಿಯನ್ನು ವಿಸ್ತರಿಸುತ್ತವೆ. ಅಂತಹಲ್ಲಿ ನೊರೆಯ ದ್ರಾವಣವನ್ನು ನೀರಿನೊಡನೆ ಬೆರೆಸಿ ವಿಶೇಷವಾದ ಬ್ರಾಂಚಿನ ಮೂಲಕ ಹಾಯಿಸುತ್ತಾರೆ. ನೊರೆಯು ಕಂಬಳಿಯಂತೆ ಹಾಸಿಕೊಂಡು ಗಾಳಿಯ ಸಂಪರ್ಕವನ್ನು ತಡೆಯುತ್ತದೆ. ವಿದ್ಯುತ್ ಹರಿಯುತ್ತಿರುವ ತಂತಿಯ ಮೇಲೆ ಧಾರೆ ಬಿಡುವುದು ಪ್ರಾಣಾಪಾಯ. ಅಲ್ಲಿ ಒಣಪುಡಿ ಅಥವಾ ಇಂಗಾಲದ ಡೈಆಕ್ಸೈಡ್ ಅನಿಲದ ಸಿಲಿಂಡರು ಬೇಕು.

ರಾಗಿ ಹುಲ್ಲಿನ ಮೆದೆಗೆ ಬೇಕಾದುದು ಇನ್ನೊಂದು ಬಗೆ. ಮೆದೆಯ ಹೊರಮೈ ನೀರನ್ನು ಜಾರಿಸುತ್ತದೆ, ಬೆಂಕಿ ಒಳಗೊಳಗೇ ಕನಲುತ್ತಿರುತ್ತದೆ. ಆರಿತೆಂದು ವಾಹನ ಹಿಂದಿರುಗಿದ ಮೇಲೆ ಮರುದಿನ ಮತ್ತೆ ಹೊತ್ತಿಕೊಳ್ಳಬಹುದು. ಉದ್ದನೆಯ ಕೊಕ್ಕೆಗಳಿಂದ ಮೆದೆಯನ್ನು ಎಳೆದು ಬಿಡಿಸಿ, ಪದರಪದರವಾಗಿ ತೋಯಿಸಬೇಕು. ಈ ಕೆಲಸದಲ್ಲಿ ನಾಲ್ಕಾರು ಅಗ್ನಿಶಾಮಕರಿಗಿಂತ ಕವಗೋಲು ಹಿಡಿದ ಇಪ್ಪತ್ತು ಮಂದಿ ರೈತರ ನೆರವು ದೊಡ್ಡದು. ಬೆಟ್ಟದ ಹುಲ್ಲಿಗೆ ಬಿದ್ದ ಬೆಂಕಿಯೆದುರು ವಾಹನ ಏರುವುದೇ ಇಲ್ಲ. ಅಲ್ಲಿ ಹಸಿಸೊಪ್ಪಿನ ಕೊಂಬೆಯಿಂದ ಬಡಿಯುವುದು, ಮುಂದಿನ ಹುಲ್ಲನ್ನು ಸವರಿ ಬೆಂಕಿಗೆ ದಾರಿ ಕಡಿಯುವುದು ಇವೇ ಹಳೆಯ, ಇಂದಿಗೂ ನಡೆಯುವ ಉಪಾಯಗಳು.

ಹೊಗೆ ತುಂಬಿದ ಮನೆಯೊಳಗೆ ಹೋಗಲು ಉಸಿರಾಟದ ಉಪಕರಣವಿದೆ. ಬೆನ್ನ ಮೇಲೆ ಒತ್ತಿತುಂಬಿದ ಗಾಳಿಯ ಸಿಲಿಂಡರು, ಮುಖಕ್ಕೆ ಮುಸುಕು. ಆರು ಲೀಟರಿನ ಸಿಲಿಂಡರಿನಲ್ಲಿ ಮುನ್ನೂರು ಪಟ್ಟು ಒತ್ತಡದಲ್ಲಿ ಸುಮಾರು 1800 ಲೀಟರ್ ಗಾಳಿ ಹಿಡಿಯುತ್ತದೆ. ಶ್ರಮಪಟ್ಟು ದುಡಿಯುವವನಿಗೆ ಅದು ಮುಕ್ಕಾಲು ಗಂಟೆಗೂ ಸಾಲದು. ಗಾಳಿ ತೀರುತ್ತ ಬಂದಾಗ ಸೀಟಿಯೊಂದು ಕೂಗಿ ಎಚ್ಚರಿಸುತ್ತದೆ. ಬೆಂಕಿಯಲ್ಲಿ ಸಾಯುವವರಲ್ಲಿ ಬಹಳ ಜನ ಉರಿಯಿಂದಲ್ಲ, ಹೊಗೆಯಿಂದ ಸಾಯುತ್ತಾರೆ ಎಂಬುದನ್ನು ನೆನೆದರೆ ಈ ಉಪಕರಣದ ಬೆಲೆ ತಿಳಿಯುತ್ತದೆ. ಇದಲ್ಲದೆ ಚಾಚಿಕೊಳ್ಳುವ ಏಣಿ, ಕೊಡಲಿ, ಹಾರೆ, ಹಗ್ಗ, ರಬ್ಬರ್ ಕೈಚೀಲ, ದೀಪ ಇತ್ಯಾದಿಗಳು ವಾಹನದ ಗೂಡುಗಳಲ್ಲಿ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. ಕಣ್ಣು ಕಟ್ಟಿದರೂ ಕೈ ಅಲ್ಲಿಗೇ ಹೋಗಬೇಕೆಂಬುದು ಕವಾಯತಿನ ಗುರಿ.

ಅಪಘಾತಗಳಿಗೆ ಬೇರೆ ಸಾಧನಗಳು ಬೇಕು. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಪ್ರಯಾಣಿಕರ ವಾಹನವೊಂದು ಡಿಕ್ಕಿ ಹೊಡೆದು 13 ಮಂದಿ ಅಸುನೀಗಿದರು. ನಜ್ಜುಗುಜ್ಜಾದ ಲೋಹವನ್ನು ಕತ್ತರಿಸುವ, ಹಿಗ್ಗಲಿಸುವ ಜಲಚಾಲಿತ ಉಪಕರಣಗಳು ಇಂತಹ ಹೆದ್ದಾರಿಯ ಊರಿಗೆ ಆಡಂಬರವಲ್ಲ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಗಣಿಗಾರಿಕೆಯ ಜಿಲೆಟಿನ್ ಸಿಡಿದು ಆರು ಮಂದಿ ಮಡಿದರು. ಕರೆ ಮಾಡುವವರು ಅಲ್ಲಿ ಏನು ಶೇಖರವಾಗಿದೆ ಎಂಬುದನ್ನು ಮೊದಲು ತಿಳಿಸಬೇಕೆಂಬ ಪಾಠವನ್ನು ಇಂತಹ ಘಟನೆ ಕಲಿಸುತ್ತದೆ. 2022ರ ಫೆಬ್ರುವರಿಯಲ್ಲಿ ನಂದಿ ಬೆಟ್ಟದ ಕಡಿದಾದ ಬಂಡೆಯಿಂದ ಜಾರಿ ಸಿಲುಕಿಕೊಂಡ ವಿದ್ಯಾರ್ಥಿಯೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು. ಯಾವ ಠಾಣೆಯ ಸಾಮಗ್ರಿಗೂ ಒಂದು ಮಿತಿಯುಂಟು. ಆ ಮಿತಿಯನ್ನು ಅರಿತು ಕಾಲಕ್ಕೆ ಸರಿಯಾಗಿ ನೆರವು ಕೇಳುವುದೂ ಸಿದ್ಧತೆಯ ಭಾಗವೇ.

ದಾರಿ

ವಾಟರ್ ಟೆಂಡರಿನ ಅಗಲ ಎರಡೂವರೆ ಮೀಟರಿಗೆ ಸಮೀಪ, ಎತ್ತರ ಲಾರಿಯಷ್ಟು. ಅದರ ಮೇಲೆ ಏಣಿ. ಹಳೆಯ ಪೇಟೆಯ ಗಲ್ಲಿಗಳು ಎತ್ತಿನ ಗಾಡಿಯ ಕಾಲದವು. ಅವುಗಳಲ್ಲಿ ಎರಡು ಕಡೆಯೂ ಮೋಟಾರು ಸೈಕಲ್ಲು, ಅಂಗಡಿಯ ಮುಂಚಾಚು, ಇಳಿಬಿದ್ದ ತಂತಿ. ವಾಹನವು ಬೀದಿಯ ಬಾಯಲ್ಲಿಯೇ ನಿಂತು ನೂರು ಮೀಟರ್ ಹೋಸು ಹಾಸಬೇಕಾದರೆ ಅದಕ್ಕೆ ತಗಲುವ ನಿಮಿಷಗಳು ಬೆಂಕಿಯ ಪಾಲಾಗುತ್ತವೆ. ಊರಿಗೆ, ಮಠಕ್ಕೆ, ಶಾಲೆಗೆ ಸುಂದರವಾದ ಮಹಾದ್ವಾರವನ್ನು ಕಟ್ಟಿಸುವುದು ದಾನಿಗಳಿಗೆ ಪ್ರಿಯವಾದ ಕೈಂಕರ್ಯ. ಆ ಕಮಾನಿನ ಅಗಲ ಎತ್ತರಗಳು ತುಂಬಿದ ಅಗ್ನಿಶಾಮಕ ವಾಹನವೊಂದು ನಿಧಾನಿಸದೆ ಒಳಬರುವಷ್ಟು ಇರಲಿ ಎಂದು ನಕ್ಷೆ ಬರೆಯುವಾಗಲೇ ನೋಡಿಕೊಂಡರೆ ಆ ದ್ವಾರ ನಿಜವಾಗಿ ಮಹಾದ್ವಾರವಾಗುತ್ತದೆ.

ಮೊದಲ ಕಾಲುಗಂಟೆ

ಠಾಣೆಯ ಗಂಟೆ ಬಾರಿಸಿದ ಒಂದು ನಿಮಿಷದೊಳಗೆ ವಾಹನ ಹೊರಬೀಳಬೇಕೆಂಬುದು ಅಗ್ನಿಶಾಮಕರ ಅಭ್ಯಾಸ. ಆದರೆ ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಯನ್ನು ತಲುಪಲು ಅರ್ಧ ಗಂಟೆಯಾದರೂ ಬೇಕು. ಆ ಅವಧಿ ಊರಿನವರದು. ಇಲ್ಲಿ ಇನ್ನೊಂದು ಲೆಕ್ಕ. ಕೆರೆಯಿಂದ ಮನೆಯವರೆಗೆ ಜನರು ಸಾಲಾಗಿ ನಿಂತು ಹತ್ತು ಲೀಟರಿನ ಬಕೆಟ್ಟನ್ನು ಐದು ಸೆಕೆಂಡಿಗೊಂದರಂತೆ ಕೈಯಿಂದ ಕೈಗೆ ದಾಟಿಸಿದರೆ ನಿಮಿಷಕ್ಕೆ 120 ಲೀಟರ್ ನೀರು ಬೆಂಕಿಯ ಬಳಿ ತಲುಪುತ್ತದೆ. ಇದು ಸಣ್ಣ ನಾಝಲ್ ಒಂದು ಚೆಲ್ಲುವ ನೀರಿನ ಅರ್ಧಕ್ಕಿಂತ ಹೆಚ್ಚು. ಗುಂಪಾಗಿ ಕೂಗಾಡುವ ಜನ ಸಾಲಾಗಿ ನಿಂತರೆ ಅವರೇ ಒಂದು ಯಂತ್ರವಾಗುತ್ತಾರೆ.

ಇಲ್ಲಿನ ಸಣ್ಣ ಪಟ್ಟಣಗಳಲ್ಲಿ ಜರ್ಮನಿಯ ಮಾದರಿಯ ಸ್ವಯಂಸೇವಕ ಅಗ್ನಿಶಾಮಕ ದಳಗಳಿಲ್ಲ. ಆದರೆ ಸ್ವಯಂಸೇವೆಗೆ ಎಡೆಯಿಲ್ಲವೆಂದಲ್ಲ. 1962ರ ಅಧಿನಿಯಮದಂತೆ ರೂಪುಗೊಂಡ ಗೃಹರಕ್ಷಕ ದಳದಲ್ಲಿ ಅಂಗಡಿಕಾರರೂ ರೈತರೂ ನೌಕರರೂ ಸೇರಿ ತರಬೇತಿ ಪಡೆಯುತ್ತಾರೆ. ಊರಿನ ಯುವಕರಿಗೆ ವಿಪತ್ತಿನ ನಿರ್ವಹಣೆಯ ಶಿಕ್ಷಣ ನೀಡುವ ‘ಆಪದ ಮಿತ್ರ’ ಯೋಜನೆಯನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಆರಂಭಿಸಿತು. ಇಂತಹ ಶಿಕ್ಷಣ ಪಡೆದ ಹತ್ತು ಮಂದಿ ಒಂದು ಊರಿನಲ್ಲಿದ್ದರೆ ಠಾಣೆಯ ವಾಹನ ಬರುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. 101 ಅಥವಾ 112 ಸಂಖ್ಯೆಗೆ ಕರೆ ಮಾಡಿ ಊರು, ಗುರುತಿನ ಜಾಗ, ಉರಿಯುತ್ತಿರುವ ವಸ್ತು, ಒಳಗೆ ಜನರಿದ್ದಾರೆಯೇ ಎಂಬುದನ್ನು ಸ್ಪಷ್ಟವಾಗಿ ತಿಳಿಸುವವನೊಬ್ಬ, ಮುಖ್ಯರಸ್ತೆಯ ತಿರುವಿನಲ್ಲಿ ನಿಂತು ವಾಹನಕ್ಕೆ ದಾರಿ ತೋರುವವನೊಬ್ಬ, ವಿದ್ಯುತ್ ಕಡಿಯುವವನೊಬ್ಬ, ಸಮೀಪದ ನೀರನ್ನು ತೋರಿಸುವವನೊಬ್ಬ — ಇಷ್ಟು ಮಂದಿ ಸಾಕು.

ಶಾಲೆಯ ಪಾಲು

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಗುಡಾರಕ್ಕೆ ಬೆಂಕಿ ಬಿದ್ದು 92 ಜೀವಗಳು ಹೋದವು. ಅವರಲ್ಲಿ ಹೆಚ್ಚಿನವರು ಮಕ್ಕಳು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಮಡಿದರು. ಆ ದುರಂತದ ತರುವಾಯ ನಡೆದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪು ನೀಡಿ, ಸುರಕ್ಷಿತವಾದ ಕಟ್ಟಡದಲ್ಲಿ ಓದುವುದು ಮಕ್ಕಳ ಹಕ್ಕೆಂದು ಸಾರಿತು. ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನಗಳಿರಬೇಕು, ಉಪಾಧ್ಯಾಯರು ಅವುಗಳ ಬಳಕೆಯಲ್ಲಿ ತರಬೇತಿ ಪಡೆಯಬೇಕು ಎಂದು ವಿಧಿಸಿತು.

ವಿದ್ಯಾಸಂಸ್ಥೆಯಲ್ಲಿ ಪ್ರಸಾದ ನಿಲಯದ ಅಡುಗೆಮನೆಯಿದ್ದರೆ ಎಚ್ಚರ ಇಮ್ಮಡಿಯಾಗಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಿದು ಮೂಲೆಯಲ್ಲಿ ನಿಲ್ಲುತ್ತದೆ. ಸಿಲಿಂಡರುಗಳನ್ನು ಕಟ್ಟಡದ ಹೊರಗೆ ನೆರಳಿನಲ್ಲಿಟ್ಟು ಕೊಳವೆಯ ಮೂಲಕ ಒಲೆಗೆ ತರುವುದು, ಗೋಡೆಯ ತಳದಲ್ಲಿ ಗಾಳಿಕಂಡಿ ಬಿಡುವುದು ಅಲ್ಪವೆಚ್ಚದ ಕೆಲಸ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯದೆ ದೊಡ್ಡ ಮುಚ್ಚಳದಿಂದ ಮುಚ್ಚಬೇಕೆಂಬುದನ್ನು ಬಾಣಸಿಗರಿಗೆ ಕಲಿಸಬೇಕು. ಗೋಡೆಗೆ ತೂಗುಹಾಕಿದ ಆರು ಕಿಲೋಗ್ರಾಂ ಒಣಪುಡಿಯ ಉಪಕರಣವು ಕಾಲು ನಿಮಿಷದ ಆಸುಪಾಸಿನಲ್ಲಿ ಬರಿದಾಗುತ್ತದೆ. ಪಿನ್ನು ಕಿತ್ತು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು ಒತ್ತುವ ಅಭ್ಯಾಸವಿಲ್ಲದವನ ಕೈಯಲ್ಲಿ ಆ ಕಾಲು ನಿಮಿಷ ವ್ಯರ್ಥ. ವರ್ಷಕ್ಕೊಮ್ಮೆ ಪುಡಿ ಬದಲಿಸುವ ಮುನ್ನ ಹಳೆಯದನ್ನು ಬಯಲಿನಲ್ಲಿ ಉಪಾಧ್ಯಾಯರ ಕೈಯಿಂದಲೇ ಬಳಸಿಸಿದರೆ ಖರ್ಚಿಲ್ಲದ ಪಾಠವಾಗುತ್ತದೆ.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮಾಡಬಹುದಾದ ಒಂದು ಕೆಲಸವನ್ನು ವಿಶೇಷವಾಗಿ ಹೇಳಬೇಕು. ಶಾಲೆಯ ಬಾಗಿಲ ಸಮೀಪದಲ್ಲಿ ಮಳೆನೀರಿನಿಂದ ತುಂಬುವ ನೆಲತೊಟ್ಟಿಯೊಂದು, ಅದಕ್ಕೆ ಸಕ್ಷನ್ ಹೋಸು ಇಳಿಯುವಷ್ಟು ಅಗಲವಾದ ಬಾಯಿ, ಪಕ್ಕದಲ್ಲಿ ವಾಹನ ನಿಲ್ಲುವ ಗಟ್ಟಿನೆಲ ಇರಲಿ. ಹತ್ತು ಸಾವಿರ ಲೀಟರಿನ ತೊಟ್ಟಿಯೆಂದರೆ ಅಗ್ನಿಶಾಮಕ ವಾಹನದ ಎರಡು ತುಂಬುಗಳಿಗೂ ಮೇಲಾಯಿತು. ಅದು ಶಾಲೆಯನ್ನು ಕಾಯುವುದಲ್ಲದೆ ಇಡೀ ಬೀದಿಯನ್ನು ಕಾಯುತ್ತದೆ. ಕೆರೆ ಕಟ್ಟಿಸಿದ ಹಿರಿಯರ ಧರ್ಮದ ಮುಂದುವರಿಕೆ ಇದು.

ಪ್ರತಿವರ್ಷ ಏಪ್ರಿಲ್ 14ರಂದು ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಧ್ವಜವಂದನೆ ನಡೆಯುತ್ತದೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಹತ್ತಿಯನ್ನೂ ಮದ್ದುಗುಂಡನ್ನೂ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿದಾಗ, ಬೆಂಕಿ ಆರಿಸುತ್ತಿದ್ದ 66 ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು. ಅವರ ನೆನಪಿನಲ್ಲಿ ಆಚರಿಸುವ ಆ ಸಪ್ತಾಹದಲ್ಲಿ ಅಗ್ನಿಶಾಮಕರು ವಾಹನ ಮತ್ತು ಸಾಮಗ್ರಿಗಳನ್ನು ಸಾರ್ವಜನಿಕರಿಗೆ ತೋರಿಸಿ ವಿವರಿಸುತ್ತಾರೆ. ಪರೀಕ್ಷೆಗಳು ಮುಗಿಯುವ ಕಾಲವೂ ಅದೇ. ಮಕ್ಕಳನ್ನು ಒಮ್ಮೆ ಠಾಣೆಗೆ ಕರೆದೊಯ್ದು ಹೋಸನ್ನು ಮುಟ್ಟಿಸಿ, ತೊಟ್ಟಿಯ ಲೆಕ್ಕವನ್ನು ಅವರಿಂದಲೇ ಮಾಡಿಸಿದರೆ ಅವರು ಅದನ್ನು ಮನೆಗೆ ಒಯ್ಯುತ್ತಾರೆ. ಮುಂದೆ ಎಂದಾದರೊಂದು ದಿನ ಊರಿನ ಮೆದೆಗೋ ಮನೆಗೋ ಕಿಡಿ ತಗಲಿದಾಗ, ಆ ಮಕ್ಕಳಲ್ಲಿ ಒಬ್ಬನಾದರೂ ನೀರಿರುವ ದಾರಿಯನ್ನು ತೋರಿಸುತ್ತ ವಾಹನದ ಮುಂದೆ ಓಡುತ್ತಾನೆ. ಠಾಣೆಯ ಯಾವ ಗೂಡಿನಲ್ಲಿಯೂ ಇರದ, ಊರೇ ಒದಗಿಸಬೇಕಾದ ಸಾಮಗ್ರಿ ಅದೊಂದೇ.